ಹತ್ತಿ ಮಿಲ್ಲಿಗೆ ಬೆಂಕಿ ಇಟ್ಟ ನಮ್ಮ ಸೊಸೆ

ನನ್ನ ಸೊಸೆ ಭುವನಾ ನನಗೆ ಹಿಡಿಸುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಆಕೆಯ ಬಗ್ಗೆ ಎರಡು ಒಳ್ಳೆಯ ಮಾತು ಬಂದರೆ ಅದು ಪ್ರೀತಿಯಿಂದ ಬಂದದ್ದು ಎಂದು ಯಾರೂ ತಿಳಿಯಬಾರದು. ಕಣ್ಣಿಗೆ ಕಂಡದ್ದನ್ನು ಬರೆಯುತ್ತೇನೆ, ಅಷ್ಟೇ. ನಾನು ಪೆದ್ದಹರಿವಾಣಂನ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ಒಂದೊಂದಾಗಿ ಬರುತ್ತವೆ. ಆದರೆ ನೋಡುವುದನ್ನು ಇಪ್ಪತ್ತೆರಡು ವರ್ಷ ಕಲಿತಿದ್ದೇನೆ. ಆದೋನಿಯ ಮರಿಬಸಪ್ಪ ಸಾವ್ಕಾರರ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುತ್ತಿದ್ದೆ. ಬಿಳಿ ರಾಶಿಯಲ್ಲಿ ಅಡಗಿದ ಹಳದಿ ಎಳೆ, ಒಣ ಎಲೆಯ ಚೂರು, ಗೋಣಿಯ ನಾರು, ಹೆಂಗಸರ ತಲೆಗೂದಲು, ಇವನ್ನು ಬೆರಳ ತುದಿಯಲ್ಲಿ ಎತ್ತಿ ಬಿಸಾಕುವ ಕೆಲಸ. ನಮ್ಮವರು ಅದೇ ಮಿಲ್ಲಿನಲ್ಲಿ ತೂಕದ ಕಟ್ಟೆಯ ಮೇಲಿದ್ದರು. ಅವರು ಹೋಗಿ ಹನ್ನೊಂದು ವರ್ಷ.

ಭುವನಾ ಮದ್ದಿಕೇರದವಳು. ತಂದೆ ಹನುಮಣ್ಣ ಶೇಂಗಾ ಬೆಳೆಯುವ ರೈತ, ಮಾತು ಬಹಳ ಕಡಿಮೆ. ಆತನ ಪಾಲಿನ ಮಾತನ್ನೂ ಮಗಳೇ ಆಡುತ್ತಾಳೆ. ಹೆಣ್ಣು ನೋಡಲು ಹೋದ ದಿನ ನಮಗೆ ಮಂಡಕ್ಕಿಯ ಒಗ್ಗಾಣಿ, ಮೆಣಸಿನಕಾಯಿ ಬಜ್ಜಿ ಇಟ್ಟಿದ್ದರು. ಹುಡುಗ ಸೋಮೇಶ ಮದುವೆಗಳ ಫೋಟೋ, ವಿಡಿಯೋ ಹಿಡಿಯುತ್ತಾನೆ ಎಂದು ಹಿರಿಯರೊಬ್ಬರು ಹೇಳುತ್ತಿದ್ದರು. ಹುಡುಗಿ ತಲೆ ಎತ್ತಿ ನನ್ನ ಮಗನನ್ನೇ ಕೇಳಿದಳು.

"ನಿಮ್ಮ ಕ್ಯಾಮೆರಾ ಯಾವ್ದುರಿ?"

ಸೋಮೇಶ ಹೆಸರು ಹೇಳಿದ.

"ಅದು ಹಳೇದಾತಲ್ರಿ. ನಮ್ಮೂರಾಗ ಫೋಟೋ ಹಿಡಿಯೋ ಶ್ರೀನು ಹತ್ರಾನೂ ಅದಾ ಐತಿ. ಬೆಳಕು ಕಡಿಮಿ ಇದ್ರ ಮುಖಾನ ಬರಂಗಿಲ್ಲ."

ಹನುಮಣ್ಣ ಬಜ್ಜಿಯ ತಟ್ಟೆಯನ್ನು ನಮ್ಮ ಕಡೆ ಇನ್ನಷ್ಟು ಸರಿಸಿದ. ಅದೊಂದೇ ಆತ ಮಾಡಿದ ಸಮಾಧಾನ. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು, "ಬ್ಯಾಡಪ್ಪಾ, ಈಕಿ ಬಾಯಿಗೆ ನಮ್ಮ ಮನಿ ಸಾಲಂಗಿಲ್ಲ" ಎಂದೆ. ಸೋಮೇಶ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದ. ನನಗೆ ಉತ್ತರ ಸಿಕ್ಕಿತು.

ಏಳು ವರ್ಷವಾಯಿತು. ಆಕೆ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ, ಕಸ ಗುಡಿಸುವಾಗ ಮೂಲೆಗಳನ್ನು ಬಿಡುತ್ತಾಳೆ. ಹುರಿದ ಶೇಂಗಾ ತಿಂದು ಸಿಪ್ಪೆಯನ್ನು ಮೇಜಿನ ಡ್ರಾದಲ್ಲಿ ತುಂಬುತ್ತಾಳೆ. ಕೆಲಸ ಹಿಡಿದರೆ ಮಾತ್ರ ಎದ್ದೇಳುವುದಿಲ್ಲ. ಅದನ್ನು ಒಪ್ಪಬೇಕು. ಹೊಲಿಗೆ ಕಲಿಯುತ್ತೇನೆ ಎಂದು ಒಂದು ಸಲ ಕೂತವಳು ಒಂದೇ ರವಿಕೆಯನ್ನು ಆರು ಬಾರಿ ಬಿಚ್ಚಿ ಹೊಲಿದಳು. ಆರನೇ ಬಾರಿ ಸರಿಯಾಯಿತು. ಆಮೇಲೆ ಹೊಲಿಗೆಯನ್ನೇ ಬಿಟ್ಟಳು. "ಬಂತಲ್ಲ, ಸಾಕು" ಎಂದಳು.

ಈಗ ಜಗಳದ ಬೇರಿಗೆ ಬರುತ್ತೇನೆ. ಸೋಮೇಶ ಮದುವೆ ಹಿಡಿಯುತ್ತಾನೆ, ಅದನ್ನು ಕತ್ತರಿಸಿ ಜೋಡಿಸುವುದು ಅವನಿಗೆ ಬಾರದು. ಆ ಕೆಲಸಕ್ಕೆ ಎಡಿಟಿಂಗ್ ಎನ್ನುತ್ತಾರೆ. ಅದನ್ನು ಬಸ್ ಸ್ಟ್ಯಾಂಡಿನ ಹಿಂದಿನ ಲಕ್ಷ್ಮಿಕಾಂತ್ ಮಾಡಿಕೊಡುತ್ತಿದ್ದ. ಆತ ತನ್ನ ಗಿರಾಕಿಗಳದ್ದು ಮೊದಲು ಮುಗಿಸುತ್ತಿದ್ದ, ನಮ್ಮದು ಮೂಲೆಯಲ್ಲಿ ಕಾಯುತ್ತಿತ್ತು. ಒಂದು ಸಲ ಎಮ್ಮಿಗನೂರಿನ ನೇಕಾರರ ಮನೆಯವರು ಬಂದು ನಮ್ಮ ಬಾಗಿಲಲ್ಲಿ ನಿಂತು, "ಮದುವಿ ವಿಡಿಯೋ ಕೇಳಿದ್ವಿ, ಈಗ ಕೂಸಿನ ತೊಟ್ಲಿಗೂ ನೀನಾ ಬಾರಪ್ಪ, ಎರಡೂ ಕೂಡಿಸಿ ಒಂದಾ ಸಲ ಕೊಡುವಂತಿ" ಎಂದು ಬೈದು ಹೋದರು.

ಅವತ್ತೇ ಭುವನಾ ಹೇಳಿದಳು, "ನಾ ಕಲೀತೀನಿ."

ಸೋಮೇಶ ಹಳೆಯ ಕಂಪ್ಯೂಟರೊಂದನ್ನು ತಂದ. ಅವರು ಅದನ್ನು ಸಿಸ್ಟಮ್ ಎನ್ನುತ್ತಾರೆ. ಅದನ್ನು ಇಡಲು ಮನೆಯಲ್ಲಿ ಜಾಗ ಬೇಕಾಯಿತು. ನಮ್ಮದು ಎರಡು ಕೋಣೆ, ನಡುವೆ ಒಂದು ಓಣಿಯಂಥ ನಡುಮನೆ. ಮುಂದಿನ ಕೋಣೆಯಲ್ಲಿ ಪೂರ್ವದ ಕಿಟಕಿಯ ಕೆಳಗೆ ನನ್ನ ಮಂಚ. ನಮ್ಮವರು ಕಡೆಯ ಉಸಿರು ಬಿಟ್ಟದ್ದೂ ಅಲ್ಲೇ. ಭುವನಾ ಕಿಟಕಿಯನ್ನೂ ಮಂಚವನ್ನೂ ನೋಡಿದಳು.

"ಅತ್ತಿ, ಪ್ಲಗ್ ಇಲ್ಲೇ ಐತ್ರಿ. ನೀವು ನಡುಮನ್ಯಾಗ ಮಲಗ್ರಿ. ಅಲ್ಲಿ ತಂಪು."

"ತಂಪಿದ್ರ ನೀನಾ ಮಲಗು."

"ನಾ ಮಲಗಿದ್ರ ಸಿಸ್ಟಮ್ ಏನು ನೀವು ನಡಸ್ತೀರೇನು?"

ಸೋಮೇಶ ಒಂದು ಕಡೆ ಹಿಡಿದ, ಆಕೆ ಇನ್ನೊಂದು ಕಡೆ. ಮಂಚ ನಡುಮನೆಗೆ ಹೋಯಿತು. ನಾನು ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ನೋಡಿದೆ. ಮಂಚದ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಉಳಿದಿದ್ದವು. ಅವುಗಳ ಮೇಲೆ ಕುರ್ಚಿ ಬಂತು.

ಆಕೆ ಕಲಿಯಲು ಲಕ್ಷ್ಮಿಕಾಂತನ ಅಂಗಡಿಗೆ ಹೋಗಬೇಕಾಯಿತು. ಒಬ್ಬಳೇ ಹೋಗಬಾರದು ಎಂದು ನಾನೂ ಜೊತೆಗೆ ಹೋದೆ. ಕಾವಲಿಗೆ ಎಂದು ಆಕೆಗೆ ಗೊತ್ತಿತ್ತು, ಗೊತ್ತಿರಲಿ ಎಂದೇ ಹೋದೆ. ಎರಡು ತಿಂಗಳು, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಗೋಡೆಗೆ ಒರಗಿ ಕೂತು ಎಲ್ಲವನ್ನೂ ನೋಡಿದೆ.

ಲಕ್ಷ್ಮಿಕಾಂತ್ ಒಪ್ಪಿದ್ದು ಆಕೆ ನಾಲ್ಕು ದಿನಕ್ಕೆ ಸೋತು ಮನೆ ಸೇರುತ್ತಾಳೆ ಎಂದು. ಮೊದಲ ವಾರ ಕುರ್ಚಿಯನ್ನೇ ಕೊಡಲಿಲ್ಲ. ತನ್ನ ಹಿಂದೆ ನಿಲ್ಲಿಸಿದ. ತೆಲುಗು ಕನ್ನಡ ಬೆರೆಸಿ ಮಾತಾಡುವವನು, ಆಕೆಯನ್ನು ವದಿನಾ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ.

"ಚೂಡು ವದಿನಾ, ನೋಡು. ಇದು ಟೈಮ್‌ಲೈನು. ಇದರ ಮ್ಯಾಲ ತುಂಡು ತುಂಡು ವಿಡಿಯೋ ಸಾಲಾಗಿ ಕುಂದ್ರಸಬೇಕು. ಬ್ಯಾಡಾದದ್ದು ಕತ್ತರಿಸಬೇಕು. ನಿಮ್ಮ ಮದ್ದಿಕೇರದಾಗ ಶೇಂಗಾ ಬಳ್ಳಿ ಕೀಳ್ತೀರಲ್ಲ, ಹಂಗ ಜಗ್ಗಿದ್ರ ಬರಂಗಿಲ್ಲ ಇದು."

"ಬಳ್ಳಿನೂ ಸುಮ್ನ ಜಗ್ಗಿದ್ರ ಬರಂಗಿಲ್ಲಣ್ಣ. ಕಾಯಿ ಮಣ್ಣಾಗ ಉಳೀತಾವ. ನೀ ಎಂದೂ ಕಿತ್ತಿಲ್ಲ ಅಂತ ಕಾಣ್ತೈತಿ" ಎಂದಳು ಭುವನಾ.

ಎರಡನೇ ವಾರ ಕುರ್ಚಿ ಸಿಕ್ಕಿತು. ಮಾತಿನಿಂದ ಸಿಕ್ಕಿದ್ದಲ್ಲ. ಆತ ಚಹಾ ಕುಡಿಯಲು ಹೋದಾಗ ಆಕೆ ಕೂತುಬಿಟ್ಟಳು, ತಿರುಗಿ ಬಂದಾಗ ಏಳಲಿಲ್ಲ. ಯಂತ್ರಕ್ಕೆ ಎತ್ತಿಗೆ ಹೇಳಿದಂತೆ ತೆಲುಗಿನಲ್ಲಿ "ಪದ, ಪದ", ಅಂದರೆ ನಡಿ ನಡಿ, ಎಂದು ಹೇಳಿ ನಡೆಸುತ್ತಿದ್ದಳು. ಕತ್ತರಿಸುವುದನ್ನು ಬೇಗ ಕಲಿತಳು. ಮದುಮಗಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುವುದು, ಪುರೋಹಿತರು ಮೂಗು ಒರೆಸಿಕೊಳ್ಳುವುದು, ಬೀಗರು ಆಕಳಿಸುವುದು, ಇವನ್ನೆಲ್ಲ ತೆಗೆದಳು. ಅಲ್ಲಿಯವರೆಗೆ ನನಗೂ ಅರ್ಥವಾಗುತ್ತಿತ್ತು. ಹತ್ತಿ ಆರಿಸುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ.

ಆಮೇಲೆ ಟ್ರಾನ್ಸಿಷನ್ ಬಂದವು. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಕಡೆ, ನಡುವೆ ಒಂದು ಸೆಕೆಂಡು ಹಾಕುವ ಬೆಡಗು ಅದು. ಒಂದು ಚಿತ್ರ ಕರಗಿ ಇನ್ನೊಂದಾಗುತ್ತದೆ, ಅಥವಾ ಪುಸ್ತಕದ ಹಾಳೆಯಂತೆ ಮಗುಚುತ್ತದೆ, ಇಲ್ಲವೇ ಹೃದಯದ ಆಕಾರದಲ್ಲಿ ಬಾಯಿ ತೆರೆಯುತ್ತದೆ. ಲಕ್ಷ್ಮಿಕಾಂತನ ಯಂತ್ರದಲ್ಲಿ ಅವು ಇನ್ನೂರಕ್ಕೂ ಹೆಚ್ಚು. ಭುವನಾ ಬಳೆ ಅಂಗಡಿಯ ಮುಂದೆ ನಿಂತವಳಂತೆ ಒಂದೊಂದನ್ನೂ ತೆಗೆದು ನೋಡಿದಳು.

"ಅವನ್ಯಾಕ ಮುಟ್ಟತಿ ವದಿನಾ? ಗಿರಾಕಿ ಮದುವಿ ನೋಡಾಕ ಬರ್ತಾನ, ನಿನ್ನ ಬಟನ್ ನೋಡಾಕಲ್ಲ" ಎಂದ ಲಕ್ಷ್ಮಿಕಾಂತ್.

"ಹಂಗಂತ ನೀ ಹಾಕಂಗಿಲ್ಲೇನು?"

"ನಾ ಹಾಕ್ತೀನಿ. ನನಗ ಗೊತ್ತೈತಿ ಎಲ್ಲಿ ಅಂತ. ನಿನಗ ಅದನ್ನ ಕಲಿಸಿದ್ರ ನನ್ನ ಅಂಗಡಿ ಮುಚ್ಚಬೇಕಾಗ್ತೈತಿ."

ಅವತ್ತಿನಿಂದ ಆತ ಕಲಿಸುವುದನ್ನು ನಿಲ್ಲಿಸಿದ. ಎಲ್ಲಿ ಹಾಕಬೇಕು ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಭುವನಾ ಕಲಿತು ಮನೆಗೆ ಬಂದಳು.

ಅದೇ ಹೊತ್ತಿಗೆ ಮರಿಬಸಪ್ಪ ಸಾವ್ಕಾರರ ಮಗಳು ಗಂಗೋತ್ರಿಯ ಮದುವೆ ಬಂತು. ನಮ್ಮವರ ಹಳೆಯ ಋಣ ನೆನೆದು ಸಾವ್ಕಾರರು ಸೋಮೇಶನಿಗೇ ವಿಡಿಯೋ ಒಪ್ಪಿಸಿದರು. ಆದೋನಿಯಲ್ಲಿ ಹತ್ತಿ ವ್ಯಾಪಾರಿಗಳ ಒಂದು ಮನೆಯ ಕೆಲಸ ಮೆಚ್ಚುಗೆಯಾದರೆ ಹತ್ತು ಮನೆಯ ಬಾಗಿಲು ತೆರೆಯುತ್ತದೆ. ಕೆಟ್ಟರೂ ಹತ್ತು ಮನೆಗೆ ತಿಳಿಯುತ್ತದೆ. ಲಕ್ಷ್ಮಿಕಾಂತ್ ಖುದ್ದಾಗಿ ನಮ್ಮ ಮನೆಗೆ ಬಂದು, "ಸೋಮೇಶಾ, ಇದು ಆಟ ಅಲ್ಲ. ಮದುವಿ ಹಿಡಿದ ಮ್ಯಾಲ ಕ್ಯಾಮೆರಾ ಕಾರ್ಡು ನನಗ ಕೊಡು, ಸಿಸ್ಟಮ್ಮೂ ನನಗ ಕೊಟ್ಟುಬಿಡು" ಎಂದ.

ಸೋಮೇಶ ಹೆಂಡತಿಯ ಮುಖ ನೋಡಿದ. ಆಕೆ ಸೌಟು ಹಿಡಿದುಕೊಂಡೇ ನಿಂತಿದ್ದಳು.

"ಇದೊಂದು ಮಾಡ್ತೀನಿ" ಎಂದಳು.

"ಆತು" ಎಂದ ಸೋಮೇಶ. "ಸಾವ್ಕಾರ್ರು ನೋಡಿ ಹೂಂ ಅಂದ್ರ ಸಿಸ್ಟಮ್ ನಿಂದು, ಜೀವನ ಪೂರ್ತಿ ಯಾರೂ ಕೇಳಂಗಿಲ್ಲ. ಉಹೂಂ ಅಂದ್ರ ಇವನ ಅಂಗಡಿಗೆ ಹೋಗ್ತೈತಿ. ಆಮ್ಯಾಲ ಆ ಕುರ್ಚಿ ಮಾತು ನೀ ಎತ್ತಬ್ಯಾಡ, ನಾ ಎತ್ತಂಗಿಲ್ಲ."

ನಾನು ನಡುಮನೆಯ ಮಂಚದ ಮೇಲೆ ಕೂತು ಕೇಳಿದೆ. ಸಾವ್ಕಾರರು ಉಹೂಂ ಎಂದರೆ ಆ ಕಿಟಕಿ ಮತ್ತೆ ನನ್ನದು. ಅಷ್ಟನ್ನು ಲೆಕ್ಕ ಹಾಕಲು ಮೂರನೇ ಕ್ಲಾಸು ಸಾಕಾಗಿತ್ತು.

ಮದುವೆಯಾಯಿತು. ಸಾವ್ಕಾರರು ಸೋಮೇಶನಿಗೆ ಒಂದು ಮಾತು ಹೇಳಿದ್ದರು. ವಿಡಿಯೋದಲ್ಲಿ ಮಿಲ್ಲೂ ಬರಬೇಕು, ಬೀಗರು ನೋಡಲಿ ಎಂದು. ಸೋಮೇಶ ಡ್ರೋನ್ ಹಾರಿಸಿ ಮೇಲಿನಿಂದ ಮಿಲ್ಲನ್ನು ಹಿಡಿದ. ಅಂಗಳದ ತುಂಬ ಬಿಳಿ ಹತ್ತಿಯ ರಾಶಿ, ತಗಡಿನ ಗೋಡೌನು, ಗೇಟು. ಅದನ್ನು ಭುವನಾಳ ಕೈಗೆ ಕೊಟ್ಟು, ಬೇರೆ ಮೂರು ಮದುವೆ ಹಿಡಿಯಲು ಎಮ್ಮಿಗನೂರಿಗೆ ಹೋದ.

ಭುವನಾ ಒಂಬತ್ತು ದಿನ ಕೂತಳು. ಬೆಳಿಗ್ಗೆ ಅಡಿಗೆ ಮುಗಿಸಿ ಕೂತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದಳು. ನಾನು ಬಾಗಿಲ ಪಕ್ಕ ಕೂತು ಅಕ್ಕಿ ಆರಿಸುತ್ತ ನೋಡುತ್ತಿದ್ದೆ. ಮದುಮಗಳು ತಿರುಗಿದರೆ ಹೃದಯ, ಮದುಮಗ ತಿರುಗಿದರೆ ಹಾಳೆ ಮಗುಚುವುದು, ಅಕ್ಕಿಕಾಳು ಬಿದ್ದರೆ ನಕ್ಷತ್ರ. ಐದನೇ ದಿನ ತಡೆಯಲಾಗಲಿಲ್ಲ.

"ಏನವ್ವಾ, ಮದುವಿಗಿಂತ ಇವಾ ಜಾಸ್ತಿ ಅದಾವಲ್ಲ. ಕಣ್ಣು ತಿರುಗ್ತೈತಿ."

ಆಕೆ ಹಿಂದೆ ತಿರುಗದೆ ಹೇಳಿದಳು. "ಅತ್ತಿ, ನೀವು ಹತ್ತಿ ಆರಿಸಿದೋರು. ಇದು ಹತ್ತಿ ಅಲ್ರಿ. ಈ ಕಡಿ ಕಣ್ಣು ಹಾಕಬ್ಯಾಡ್ರಿ."

ನಾನು ಮೊರ ಎತ್ತಿಕೊಂಡು ಒಳಗೆ ಹೋದೆ. ಆದರೆ ಕಣ್ಣು ಒಳಗೆ ಬರಲಿಲ್ಲ.

ಎಂಟನೇ ದಿನ ಮಧ್ಯಾಹ್ನ ಅದು ಕಂಡಿತು. ಪರದೆಯ ಮೇಲೆ ಮಿಲ್ಲು. ಬಿಳಿ ರಾಶಿಗಳ ನಟ್ಟನಡುವೆ ಒಂದು ಕಂದು ಚುಕ್ಕೆ. ಚುಕ್ಕೆಯ ಅಂಚು ಕೆಂಪಾಯಿತು, ಕೆಂಪು ಸುರುಳಿಯಾಗಿ ಹರಡಿತು, ನಡುವೆ ಕಪ್ಪು ತೂತು ಬಿತ್ತು. ತೂತಿನೊಳಗಿಂದ ಮದುಮಗನ ಹೂವಿನ ಕಾರು ಬಂತು. ಫಿಲ್ಮು ಸುಟ್ಟುಹೋದಂತೆ ತೋರಿಸುವ ಬೆಡಗು ಅದು. ಒಂದೇ ಸೆಕೆಂಡು. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಎಂದು ಲಕ್ಷ್ಮಿಕಾಂತ್ ಕಲಿಸಿದ್ದ. ಇಪ್ಪತ್ತೈದು ಚಿತ್ರದಲ್ಲಿ ಮರಿಬಸಪ್ಪ ಸಾವ್ಕಾರರ ಮಿಲ್ಲು ಬೂದಿಯಾಯಿತು.

ಮದ್ದಿಕೇರದ ಹುಡುಗಿಗೆ ಇದು ತಿಳಿಯದು. ಆ ಮಿಲ್ಲಿನಲ್ಲಿ ಕೆಲಸ ಮಾಡಿದ ಎಲ್ಲರಿಗೂ ತಿಳಿದಿದೆ. ಸಾವ್ಕಾರರ ತಂದೆಯ ಕಾಲದಲ್ಲಿ ಒಂದು ಗೋಡೌನು ಸುಟ್ಟಿತ್ತು. ಆಮೇಲೆ ಗೇಟಿನೊಳಗೆ ಬೆಂಕಿ ಎಂಬ ಮಾತನ್ನೇ ಯಾರೂ ಆಡುವಂತಿಲ್ಲ. ಬೀಡಿ, ಬೆಂಕಿಪೊಟ್ಟಣ ಗೇಟಿನಲ್ಲೇ ಇಡಬೇಕು. ಯಂತ್ರದಲ್ಲಿ ಕಿಡಿ ಹಾರಿದರೆ "ಕೆಂಪು! ಕೆಂಪು!" ಎಂದು ಕೂಗಿ ಮರಳು ತರಬೇಕು. ಮಿಲ್ಲಿನ ಪೂಜೆಗೆ ಕರ್ಪೂರ ಹಚ್ಚುವುದಿಲ್ಲ, ಕುಂಕುಮದ ನೀರಿನಲ್ಲಿ ಆರತಿ ಎತ್ತುತ್ತಾರೆ. ಗಂಗೋತ್ರಿಯ ಮದುವೆಯಲ್ಲಿ ಒಂದು ಪಟಾಕಿಯೂ ಹಾರಲಿಲ್ಲ.

ಭುವನಾ ಅದನ್ನು ನಾಲ್ಕು ಸಲ ಓಡಿಸಿ ನೋಡಿದಳು. ಖುಷಿಯಾಗಿದ್ದಳು. ಶೇಂಗಾ ಬಾಯಿಗೆ ಹಾಕಿಕೊಂಡಳು.

ನಾನು ಬಾಯಿ ತೆರೆಯಲಿಲ್ಲ. ಮರೆತೆ ಎಂದು ಬರೆಯುವುದಿಲ್ಲ. ಹೇಳಬೇಕು ಎನ್ನಿಸಿತು, ಕಿಟಕಿಯನ್ನು ನೋಡಿದೆ, ಹೇಳಲಿಲ್ಲ. ಆ ದಿನ, ಮರುದಿನ, ಅದರ ಮರುದಿನ. ಒಟ್ಟು ಮೂರು ದಿನ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾವ್ಕಾರರ ಮನೆಯ ಹಾಲಿನಲ್ಲಿ ದೊಡ್ಡ ಟಿವಿಗೆ ಹಾಕಿದರು. ಸೋಮೇಶ ಹಿಂದಿನ ದಿನ ಸಂಜೆ ಬಂದವನು, ತಾನೂ ನೋಡಿರಲಿಲ್ಲ. ಸೋಫಾದ ಮೇಲೆ ಸಾವ್ಕಾರರು, ಅವರ ಹೆಂಡತಿ ಮಹಾಲಕ್ಷ್ಮಮ್ಮ, ಎಂಟು ಹತ್ತು ಮಂದಿ ನೆಂಟರು. ಲಕ್ಷ್ಮಿಕಾಂತ್ ಕರೆಯದೆಯೇ ಬಂದು ಕಂಬದ ಪಕ್ಕ ನಿಂತಿದ್ದ. ನಾನು ಬಾಗಿಲ ಬಳಿ ಚಾಪೆಯ ಮೇಲೆ ಕೂತೆ.

ಹೃದಯಗಳು ತೆರೆದವು, ಹಾಳೆಗಳು ಮಗುಚಿದವು. ನೆಂಟರು ನಕ್ಕರು. ಆಮೇಲೆ ಮಿಲ್ಲು ಬಂತು. ಸಾವ್ಕಾರರು ನೆಟ್ಟಗೆ ಕೂತರು. ಕಂದು ಚುಕ್ಕೆ ಬಿತ್ತು.

"ಅಯ್ಯೋ ಶಿವನಾ! ನಮ್ಮ ಮಿಲ್ಲು!" ಎಂದು ಮಹಾಲಕ್ಷ್ಮಮ್ಮ ಎದ್ದೇ ನಿಂತರು.

"ನಿಲ್ಸು!" ಎಂದರು ಸಾವ್ಕಾರರು.

ಸೋಮೇಶ ಗಾಬರಿಯಲ್ಲಿ ನಿಲ್ಲಿಸುವ ಬದಲು ಹಿಂದಕ್ಕೆ ಒತ್ತಿದ. ಮಿಲ್ಲು ಮತ್ತೆ ಬಂತು, ಮತ್ತೆ ಸುಟ್ಟಿತು. ಇನ್ನೊಮ್ಮೆ ಒತ್ತಿದ. ಮೂರನೇ ಸಲವೂ ಸುಟ್ಟಿತು. ಆಮೇಲೆ ಯಾರೋ ವೈರನ್ನೇ ಕಿತ್ತರು.

"ಮೂರು ಸಲ" ಎಂದರು ಸಾವ್ಕಾರರು. ದನಿ ಏರಿಸಲಿಲ್ಲ. "ನನ್ನ ಮನ್ಯಾಗ ಕುಂತು, ನನ್ನ ಟಿವಿಯಾಗ, ನನ್ನ ಮಿಲ್ಲು ಮೂರು ಸಲ ಸುಟ್ರಲ್ಲ."

ಭುವನಾಳಿಗೆ ಏನೂ ತಿಳಿಯಲಿಲ್ಲ. "ಏನಾತ್ರಿ ಸಾವ್ಕಾರ್ರೇ? ಅದು ಎಫೆಕ್ಟ್ ರೀ. ಎಲ್ಲಾರೂ ಹಾಕ್ತಾರ."

"ಎಫೆಕ್ಟಾ?"

"ನಾ ಬ್ಯಾಡ ಅಂತ ಬಡಕೊಂಡೆ ಸಾವ್ಕಾರ್ರೇ" ಎಂದು ಲಕ್ಷ್ಮಿಕಾಂತ್ ಕಂಬ ಬಿಟ್ಟು ಮುಂದೆ ಬಂದ. "ಶೇಂಗಾ ಕೀಳೋ ಕೈಗೆ ಈ ಕೆಲಸ ಕೊಟ್ರ ಮತ್ತೇನಾಗ್ತೈತಿ? ಸೋಮೇಶಾ, ಸಂಜೀಗೆ ಆಟೋ ತರ್ತೀನಿ. ಸಿಸ್ಟಮ್ ಬಿಚ್ಚಿ ಇಟ್ಟಿರು."

ಭುವನಾ ಮುಖ ಕೆಂಪಾಗಿ ನಿಂತಳು. ಆಕೆಯ ಬಾಯಿಗೆ ಮಾತು ಬಾರದ್ದನ್ನು ಏಳು ವರ್ಷದಲ್ಲಿ ಮೊದಲ ಸಲ ನೋಡಿದೆ. ಸುಖವಾಗಲಿಲ್ಲ ಎಂದರೆ ಸುಳ್ಳು.

ಆಗ ಸಾವ್ಕಾರರು ನನ್ನ ಕಡೆ ತಿರುಗಿದರು.

"ಎರ್ರಮ್ಮ. ಇಪ್ಪತ್ತೆರಡು ವರ್ಷ ನನ್ನ ಮಿಲ್ಲಿನಾಗ ಇದ್ದಿ. ನಿನ್ನ ಕಣ್ಣು ತಪ್ಪಿಸಿ ಒಂದು ತಲಿಕೂದಲು ಹತ್ತಿ ಮೂಟ್ಯಾಗ ಹೋಗ್ತಿರಲಿಲ್ಲ. ಇದು ನಿನ್ನ ಮನ್ಯಾಗ ತಯಾರಾಗೈತಿ. ನಿನಗ ಕಾಣಲಿಲ್ಲೇನು?"

ಕಾಣಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ವಯಸ್ಸಾಯಿತು, ಪೊರೆ ಬಂದಿದೆ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಸಂಜೆ ಆಟೋ ಬರುತ್ತಿತ್ತು, ಮಂಚ ಕಿಟಕಿಗೆ ಹೋಗುತ್ತಿತ್ತು. ಆದರೆ ಅಷ್ಟು ಜನರ ಮುಂದೆ ನನ್ನ ಕಣ್ಣು ಕೆಟ್ಟಿತು ಎಂದು ನಾನೇ ಹೇಳಬೇಕಿತ್ತು. ನನ್ನ ಹತ್ತಿರ ಬೇರೆ ಏನಿದೆ?

"ಕಂಡೈತ್ರಿ" ಎಂದೆ. "ಮೂರು ದಿನ ಮುಂಚೇನಾ ಕಂಡೈತಿ. ಹೇಳಲಿಲ್ಲ."

ಸೋಮೇಶ ರಿಮೋಟನ್ನು ಎರಡು ಕೈಯಲ್ಲಿ ಹಿಡಿದು ನನ್ನನ್ನು ನೋಡಿದ. ಭುವನಾ ನೋಡಲಿಲ್ಲ. ನೆಲವನ್ನು ನೋಡುತ್ತಿದ್ದಳು.

"ಹಂಗಾದ್ರ ತಪ್ಪು ಮದ್ದಿಕೇರದ ಹುಡುಗೀದಲ್ಲ. ಆಕಿಗೆ ಗೊತ್ತಿಲ್ಲ. ಗೊತ್ತಿದ್ದಾಕಿ ನೀನು" ಎಂದರು ಸಾವ್ಕಾರರು. "ಎಂಟು ದಿನ ಕೊಡ್ತೀನಿ. ಅತ್ತಿ ಸೊಸಿ ಕೂಡಿ ಆರಿಸಿ ತರ್ರಿ. ನನ್ನ ಮಿಲ್ಲಿನಾಗ ಆರಿಸಿದಂಗ. ಒಂದು ಕಸ ಉಳಿದ್ರ ಲಕ್ಷ್ಮಿಕಾಂತನಿಗೆ ಕೊಡ್ತೀನಿ."

ಮನೆಗೆ ನಡೆದು ಬಂದೆವು. ಸೋಮೇಶ ಮುಂದೆ ಮುಂದೆ ಹೋದ. ಭುವನಾ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಡೆದಳು. ಹಿಟ್ಟಿನ ಗಿರಣಿಯ ತಿರುವಿನಲ್ಲಿ ನಿಂತಳು.

"ಮೂರು ದಿನ ನೋಡಿದ್ರಿ. ನಾ ಮಾಡಿದ ಸಾರಿನಾಗ ಅನ್ನ ಕಲಸಿ ಉಂಡ್ರಿ. ಬಾಯಿ ಮುಚ್ಕೊಂಡು ಕುಂತ್ರಿ."

"ಕಣ್ಣು ಹಾಕಬ್ಯಾಡ ಅಂದಾಕಿ ನೀನಾ."

"ಕಣ್ಣು ಹಾಕಬ್ಯಾಡ ಅಂದ್ನಿ. ಬಾಯಿ ಮುಚ್ಚು ಅಂದಿಲ್ಲ."

"ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಅದನ್ನೂ ಹೇಳಿಲ್ಲ ನಾ."

ಆಕೆ ಹಲ್ಲು ಕಚ್ಚಿ ನಡೆದಳು. ಮರುದಿನ ಬೆಳಿಗ್ಗೆ ಅಡಿಗೆಮನೆಯಿಂದ ಒಂದು ಮಣೆಯಂಥ ಸ್ಟೂಲು ತಂದು ಕುರ್ಚಿಯ ಪಕ್ಕ ಟಪ್ಪನೆ ಇಟ್ಟಳು.

"ಕುಂದರ್ರಿ. ಆರಿಸ್ರಿ."

ಅದು ನನ್ನ ಮಂಚದ ತಲೆ ಬರುತ್ತಿದ್ದ ಜಾಗ. ಕೂತೆ.

ಆ ವಿಡಿಯೋದಲ್ಲಿ ಮುನ್ನೂರ ಹದಿನೆಂಟು ಜೋಡಣೆ ಇದ್ದವು. ಒಂದೊಂದನ್ನೂ ಆಕೆ ಓಡಿಸುತ್ತಿದ್ದಳು, ನಾನು ಬೇಡ ಅಥವಾ ಇರಲಿ ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಎಂಟು ದಿನ ನಡೆದ ಮಾತು ಹೆಚ್ಚುಕಡಿಮೆ ಅಷ್ಟೇ.

"ಬ್ಯಾಡ."

"ಹೃದಯ ಚಂದ ಐತಲ್ರಿ."

"ಅಜ್ಜನ ಮುಖ ಹೃದಯದಾಗ ಯಾಕ? ಬ್ಯಾಡ."

ಆಕೆ ತೆಗೆದಳು. ಒಂದು ಕಡೆ ಬೀಗರ ಹಿರಿಯರು ಕಣ್ಣು ಮಿಟುಕಿಸುವಾಗ ರೆಪ್ಪೆ ಅರ್ಧಕ್ಕೇ ಗಟ್ಟಿಯಾಗಿ ನಿಂತು, ಆಮೇಲೆ ಕರಗುತ್ತಿತ್ತು. ಆಕೆಗೆ ಕಂಡಿರಲಿಲ್ಲ.

"ಮುದುಕ ಸತ್ತಂಗ ಕಾಣ್ತಾನ" ಎಂದೆ.

ಆಕೆ ಮೂರು ಸಲ ನೋಡಿದಳು. ಮುಖ ಗಂಟಿಕ್ಕಿತು. ಆಮೇಲೆ ನನಗಲ್ಲ, ಯಂತ್ರಕ್ಕೆ ಹೇಳಿದಳು. ತುಂಡನ್ನು ತುದಿಯವರೆಗೂ ಬಳಸಿಬಿಟ್ಟರೆ ಕರಗಲು ಚಿತ್ರ ಉಳಿಯುವುದಿಲ್ಲ, ಅದಕ್ಕೆ ಕಡೆಯ ಚಿತ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಎರಡೂ ಕಡೆ ಒಂದಿಷ್ಟು ಮಡಿಚಿ ಇಟ್ಟುಕೊಳ್ಳಬೇಕು, ರವಿಕೆಯ ಹೊಲಿಗೆಗೆ ಬಟ್ಟೆ ಬಿಟ್ಟಂತೆ. ಹಾಗೆ ಹಿಂದಕ್ಕೆ ಜಗ್ಗಿ ಜೋಡಿಸಿದಳು. ಮುದುಕನ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿತು. ಅಂಥವು ಇನ್ನೂ ಹದಿಮೂರು ಸಿಕ್ಕವು. ಎಲ್ಲವನ್ನೂ ನಾನೇ ಹಿಡಿದೆ. ಎಲ್ಲವನ್ನೂ ಆಕೆಯೇ ಸರಿಮಾಡಿದಳು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮಿಲ್ಲು ಬಂದಾಗ ಆಕೆ ಕೈ ಹಿಂದೆಗೆದಳು.

"ಇಲ್ಲಿ ಏನು ಹಾಕ್ಲಿ?"

"ಏನೂ ಹಾಕಬ್ಯಾಡ. ಮಿಲ್ಲು ಮುಗೀಲಿ, ಕಾರು ಬರಲಿ."

ಕಡೆಯ ದಿನ, ಕಡೆಯ ಭಾಗ. ಗಂಗೋತ್ರಿ ಗಂಡನ ಮನೆಗೆ ಹೊರಟಿದ್ದಾಳೆ. ಮಹಾಲಕ್ಷ್ಮಮ್ಮನ ಕೈ ಗೇಟಿನ ಸರಳಿನ ಮೇಲೆ ಇದೆ. ಆ ಕೈ ನಿಧಾನವಾಗಿ ಕರಗುತ್ತ, ಅದರೊಳಗಿಂದ ಕಾರಿನ ಗಾಜಿನ ಹಿಂದಿನ ಹುಡುಗಿಯ ಮುಖ ಬರುತ್ತದೆ. ಎರಡು ಸೆಕೆಂಡು. ಭುವನಾ ಅದನ್ನು ಓಡಿಸಿ ನನ್ನ ಮಾತಿಗೆ ಕಾದಳು.

"ಇರಲಿ."

"ಯಾಕ ಇರಲಿ?" ಜಗಳಕ್ಕೆ ಬಂದಂತೆ ಕೇಳಿದಳು.

"ಕಸ ಕಾಣಲಿಲ್ಲ."

ಆಕೆ ಡ್ರಾ ತೆಗೆದು ಶೇಂಗಾ ಸಿಪ್ಪೆಯನ್ನೆಲ್ಲ ಬೊಗಸೆಯಲ್ಲಿ ಎತ್ತಿ ಹೊರಗೆ ಹಾಕಿ ಬಂದಳು.

ಮುನ್ನೂರ ಹದಿನೆಂಟರಲ್ಲಿ ಹತ್ತೊಂಬತ್ತು ಬೆಡಗು ಉಳಿದವು. ಉಳಿದದ್ದೆಲ್ಲ ಬರೀ ಕತ್ತರಿ. ಸಾವ್ಕಾರರು ಪೂರ್ತಿ ಒಂದು ಗಂಟೆ ನಲವತ್ತು ನಿಮಿಷ ಎದ್ದೇಳದೆ ನೋಡಿದರು. ಮಿಲ್ಲು ಬಂದಾಗ ಅವರ ಕೈ ಸೋಫಾದ ಅಂಚನ್ನು ಹಿಡಿಯಿತು. ಮಿಲ್ಲು ಹೋಗಿ ಕಾರು ಬಂತು, ಕೈ ಸಡಿಲವಾಯಿತು. ಕಡೆಯಲ್ಲಿ ಮಹಾಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಏನೂ ಇಲ್ಲ ಬಿಡ್ರಿ ಇದರಾಗ" ಎಂದ ಲಕ್ಷ್ಮಿಕಾಂತ್. "ಬರೀ ಕಟ್ ಮಾಡ್ಯಾಳ."

"ಮದುವಿ ಐತಲ್ಲಪ್ಪಾ" ಎಂದರು ಸಾವ್ಕಾರರು. "ಹೂಂ. ನಡೀತೈತಿ."

ಆ ಹೂಂ ಕೇಳಿ ಸೋಮೇಶ ನಕ್ಕ. ಭುವನಾ ನಗಲಿಲ್ಲ. ಲಕ್ಷ್ಮಿಕಾಂತನ ಮುಂದೆ ಹೋಗಿ, "ಆಟೋ ತಂದೀಯೇನಣ್ಣ? ಬಿಸಲಾಗ ನಡೀಬೇಕಂದ್ರ ಅತ್ತಿಗೆ ಕಷ್ಟ" ಎಂದಳು. ನನ್ನ ಮೇಲಿನ ಕನಿಕರದಿಂದ ಅಲ್ಲ, ಆತನನ್ನು ಚುಚ್ಚಲು. ಆತ ತಂದಿರಲಿಲ್ಲ. ನಡೆದೇ ಬಂದೆವು.

ಸಿಸ್ಟಮ್ ಈಗ ಆಕೆಯದು. ಹತ್ತಿ ಪೇಟೆಯಿಂದ ನಾಲ್ಕು ಮದುವೆ ಬಂದಿವೆ. ಮಂಚ ನಡುಮನೆಯಲ್ಲೇ ಇದೆ. ಕಿಟಕಿಗೆ ತಿರುಗಿ ಹಾಕೋಣ ಎಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಸ್ಟೂಲು ಮಾತ್ರ ಕುರ್ಚಿಯ ಪಕ್ಕ ಉಳಿದಿದೆ. ಆಕೆ ನನ್ನನ್ನು ಕರೆಯುವುದಿಲ್ಲ. ಜೋಡಣೆ ನೋಡುವ ದಿನ ಸ್ಟೂಲಿನ ಮೇಲಿನ ಧೂಳನ್ನು ಒರೆಸಿರುತ್ತಾಳೆ. ಅದನ್ನು ನೋಡಿ ನಾನು ಹೋಗಿ ಕೂರುತ್ತೇನೆ.

ಇನ್ನೊಂದು ಸಂಗತಿ ಸೋಮೇಶನಿಗೂ ಗೊತ್ತಿಲ್ಲ. ಪ್ರತಿ ವಿಡಿಯೋದ ಒಳಗೂ ಆಕೆ ಎಲ್ಲೋ ಒಂದು ಕಡೆ ಆ ಸುಡುವ ಬೆಡಗನ್ನು ಬೇಕೆಂದೇ ಹಾಕಿರುತ್ತಾಳೆ. ನಾನು ಹೇಳುತ್ತೇನೋ ಬಾಯಿ ಮುಚ್ಚಿಕೊಂಡು ಕೂರುತ್ತೇನೋ ಎಂದು ನೋಡಲು. ಮೊದಲ ಸಲ ಮರೆವು ಎಂದುಕೊಂಡೆ, ಎರಡನೇ ಸಲ ತಿಳಿಯಿತು. ಹೋದ ವಾರ ಎಮ್ಮಿಗನೂರಿನ ನೇಕಾರರ ಮನೆಯ ತೊಟ್ಟಿಲ ವಿಡಿಯೋ ಇತ್ತು, ಅದೇ ಬೈದು ಹೋದವರದು. ನಲವತ್ತನಾಲ್ಕನೇ ತುಂಡಿಗೂ ನಲವತ್ತೈದನೇ ತುಂಡಿಗೂ ನಡುವೆ ತೊಟ್ಟಿಲು ಸುಟ್ಟಿತು. ಬೆಳಿಗ್ಗೆ ಹತ್ತು ಗಂಟೆಗೆ ಅದು ನನ್ನ ಕಣ್ಣಿಗೆ ಬಿತ್ತು. ಆಕೆ ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು. ನಾನು ಮುಂದಿನ ತುಂಡನ್ನು ನೋಡಿದೆ.

ಮಧ್ಯಾಹ್ನ ಊಟವಾಯಿತು. ಆಕೆ ಆ ಬೆಂಕಿಯನ್ನು ಹಾಗೇ ಬಿಟ್ಟು ಉಳಿದದ್ದೆಲ್ಲ ಮುಗಿಸಿದಳು. ನಾಲ್ಕು ಗಂಟೆಗೆ ಪೂರ್ತಿ ವಿಡಿಯೋ ತಯಾರಾಗಲು ಬಿಟ್ಟಳು. ಅದು ಒಮ್ಮೆ ಶುರುವಾದರೆ ಒಂದೂವರೆ ಗಂಟೆ ತಿರುಗುತ್ತದೆ, ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಅದು ಮುಕ್ಕಾಲು ತಿರುಗುವವರೆಗೆ ಕಾದು ಹೇಳಿದೆ.

"ನಲವತ್ತನಾಲ್ಕರ ಕಡೆ ಕೆಂಪು ಐತಿ."

ಆಕೆ ಗುಂಡಿ ಒತ್ತಿ ನಿಲ್ಲಿಸಿದಳು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

"ಬೆಳಿಗ್ಗೇನಾ ಕಂಡಿತ್ತಲ್ಲ ನಿಮಗ? ಆವಾಗಾ ಹೇಳಾಕ ಏನಾಗಿತ್ರಿ?"

"ನೀ ಕೇಳಿದ್ಯೇನು?" ಎಂದೆ.